ನಗುವಿಗೆ ಎಷ್ಟು ಅಂಕ

ಬಾಗಿಲು ಮುಚ್ಚಿತು, ಹಲಸೂರು ಹಿಂದಾಯಿತು, ಯಾರದೋ ಚೀಲದಲ್ಲಿ ಮಲ್ಲಿಗೆ ಬಾಡುತ್ತಿದೆ, ಮೆಟ್ರೊದಲ್ಲಿ ಸೀಟಿಲ್ಲ, ಕೆ.ಆರ್. ಪುರದವರೆಗೂ ಹೀಗೆ ನಿಂತೇ ಹೋಗಬೇಕು — ಬೆಳಗ್ಗೆಯಿಂದ ನನ್ನ ಮೇಜಿಗೇ ನೂರಾ ಹತ್ತು ಜನ, ತಲೆಗೆ ಮೂರು ನಿಮಿಷ, ಗೋವಾದ ಹೋಟೆಲ್ಲು, ಅದರದೇ ಕ್ಯಾಸಿನೊ, ಎರಡಕ್ಕೂ ಜನರನ್ನು ಆರಿಸಿಕೊಡುವ ಗುತ್ತಿಗೆ ನಮ್ಮ ಕಂಪನಿಯದು, ಹೆಸರು, ಊರು, ಇಂಗ್ಲಿಷ್, ನಿಲುವು, ಕೊನೆಗೆ ನಗು, ಐದಕ್ಕೆ ಎಷ್ಟು. ಪ್ರಿಯದರ್ಶಿನಿ ಎಪ್ಪತ್ತನೆಯವಳೋ ಎಪ್ಪತ್ತೊಂದನೆಯವಳೋ, ರಾಯಚೂರಿನ ಕಡೆಯವಳು, ಇಂದಿರಾನಗರದ ಹೋಟೆಲೊಂದರಲ್ಲಿ ಮೂರು ವರ್ಷ ಪಾತ್ರೆ ತೊಳೆದವಳು, ಗಿರಾಕಿಗಳ ಮಾತು ಕೇಳಿ ಕೇಳಿಯೇ ಇಂಗ್ಲಿಷ್ ಕಲಿತವಳು, ಹಿಂದಿನ ಬಾಗಿಲು ಸಾಕಾಗ್ಯಾದ್ರಿ ಮೇಡಂ, ಮುಂದ ನಿಂತು ಬಂದವರನ್ನ ಒಳಗ ಕರೀಬೇಕು ನಾನು. ಸಿಟ್ಟಾದ ಅತಿಥಿಯಾಗಿ ನಾನು ಕೂಗಾಡಿದರೆ ಎಷ್ಟು ತಣ್ಣಗೆ ಉತ್ತರ ಕೊಟ್ಟಳು, ನನಗೇ ನಾಚಿಕೆಯಾಯಿತು. ಈಗ ಸ್ವಲ್ಪ ನಗ್ರಿ, ಫೋಟೊ ತೆಗೀಬೇಕು — ಅವಳ ಕೈ ಬಾಯಿಗೆ ಹೋಯಿತು, ನಮ್ಮೂರ ಬೋರಿನ ನೀರು ಹಂಗದರಿ, ಎಲ್ಲಾರ ಹಲ್ಲೂ ಹಿಂಗೇ. ಕಂದು ಗೆರೆಗಳು, ಒಂದೊಂದು ಹಲ್ಲಿಗೂ, ನಿಯಮದ ಪ್ರಕಾರ ಎರಡು ಅಂಕ, ನಾನು ನಾಲ್ಕು ಕೊಟ್ಟೆ, ಇಡೀ ದಿನದಲ್ಲಿ ನಾನಾಗಿ ಮಾಡಿದ್ದು ಅದೊಂದೇ. ಸಂಜೆ ಮ್ಯಾನೇಜರ್ ವಿಕ್ರಮ್ ಫೋನು, ವೇದಾ, ಆ ಹುಡುಗಿಗೆ ನಾಲ್ಕು ಯಾಕ್ರೀ ಕೊಟ್ರಿ, ಹೋಟೆಲ್‌ನೋರು ಫೋಟೊ ನೋಡಿದಾರೆ, ಬೇಡ್ವಂತೆ. ಸರ್, ಎಷ್ಟು ಚೆನ್ನಾಗಿ ಮಾತಾಡ್ತಾಳೆ ಗೊತ್ತಾ. ಇರ್ಬಹುದು ರೀ, ಪಾತ್ರೆ ತೊಳೆಯೋಕಾದ್ರೆ ತಗೋತಾರಂತೆ, ಕೇಳ್ಬಿಡಿ, ಇನ್ನೂ ಮೂವತ್ತು ಜನ ಕಮ್ಮಿ ಇದಾರೆ. ಸರಿ ಸರ್ — ಅಷ್ಟೇ ಅಂದೆ, ಸುಸ್ತಾಗಿತ್ತು, ಸುಸ್ತು ಅನ್ನುವುದೂ ಒಂದು ನೆಪವೇ, ಪ್ಲಾಟ್‌ಫಾರ್ಮಿನಲ್ಲಿ ನಿಂತು ಅವಳಿಗೆ ಫೋನು ಮಾಡಿದೆ, ಪಾಸಾದ್ನೇನ್ರಿ ಮೇಡಂ, ಎಷ್ಟು ಬೇಗ ಕೇಳಿಬಿಟ್ಟಳು, ಹೇಳಿದೆ, ಆ ಕಡೆ ನಲ್ಲಿ ನೀರು ಬಿಂದಿಗೆಗೆ ಬೀಳುತ್ತಲೇ ಇತ್ತು, ತುಂಬಿ ಹೊರಚೆಲ್ಲಿತು, ಯಾರೂ ನಲ್ಲಿ ನಿಲ್ಲಿಸಲಿಲ್ಲ. ಪಾತ್ರಿ ಇಲ್ಲೂ ಅದಾವಲ್ರಿ ಮೇಡಂ, ಅದಕ್ಕ ಗೋವಾ ತನಕ ಯಾಕ ಹೋಗ್ಲಿ. ಆಮೇಲೆ ಮೆಲ್ಲಗೆ, ನಾ ನಗಬಾರದಿತ್ತೇನ್ರಿ? ಇಂದಿರಾನಗರ ಬಂತು, ಹತ್ತಿದರು, ಇಳಿದರು, ಯಾರದೋ ಮೊಣಕೈ ತಗಲಿತು, ಅವಳು ತಾನಾಗಿ ನಗುತ್ತಿರಲಿಲ್ಲ, ನಾನೇ, ಏನೂ ಆಗಲ್ಲ ನಗ್ರಿ ಅಂದವಳು ನಾನೇ, ನಂಬಿದಳು, ಸಾಬೂನು ನೀರಿಗೆ ಬಿಳುಚಿಕೊಂಡ ಆ ಬೆರಳುಗಳು, ಬಾಯಿಯಿಂದ ಒಂದೊಂದಾಗಿ ಸರಿದವು — ಒಂದೊಂದಾಗಿ — ಸರಿಯುತ್ತಿವೆ —