ಸೆಲೆ ಬಿಚ್ಚಿದ ನಡುಕ

ಶಕ್ತಿನಗರದ ಮನೆಯ ಬತ್ತಿದ ಬಾವಿಯನ್ನು ಮುಚ್ಚಿಸಿ ಕಾರು ನಿಲ್ಲಿಸಲು ಜಾಗ ಮಾಡುವುದೆಂದು ಮಗ ಜಿತೇಶ್ ನಿಶ್ಚಯಿಸಿದ್ದ. ಮದುವೆಯಾಗಿ ಬಂದಂದಿನಿಂದ ಅದರ ನೀರನ್ನೇ ಕುಡಿದಿದ್ದ ನಳಿನಾಕ್ಷಿಗೆ ಆ ಮಾತು ಗಂಟಲಿನಲ್ಲಿ ಇಳಿದಿರಲಿಲ್ಲ. ಮಣ್ಣಿನ ಲಾರಿ ಬರಬೇಕಿದ್ದ ಮುಂಜಾನೆ ಭೂಮಿ ಲಘುವಾಗಿ ಕಂಪಿಸಿತು. ಅಡುಗೆಮನೆಯ ಪಾತ್ರೆಗಳು ಕಿಣಿಕಿಣಿಸಿದವು. ಅಂಗಳಕ್ಕೋಡಿ ಬಂದ ಆಕೆ ಬಾವಿಗೆ ಇಣುಕಿದರೆ, ತಳದ ಕೆಂಪು ಮುರಕಲ್ಲಿನ ಬಿರುಕಿನಿಂದ ನೀರು ಬುಳಬುಳನೆ ಉಕ್ಕುತ್ತಿತ್ತು. ಲಾರಿ ಗೇಟಿಗೆ ಬರುವಷ್ಟರಲ್ಲಿ ಕೊಡ ಮುಳುಗುವಷ್ಟು ನೀರು ನಿಂತಿತು.

“ಕಟ್ಟಿದ್ದ ಸೆಲೆ ನಡುಕಕ್ಕೆ ಬಿಚ್ಚಿಕೊಂಡದ್ದು ಅಮ್ಮ,” ಎಂದು ಜಿತೇಶ್ ತಲೆ ಕೆರೆದುಕೊಂಡ. “ಇನ್ನು ನನ್ನ ಕಾರಿಗೆ ಜಾಗ ಎಲ್ಲಿ ಉಂಟು?”

“ಕಾರಿಗೆ ಬಾಯಾರಿಕೆ ಆಗುವುದಿಲ್ಲ ಮಾರಾಯ, ಅದು ರಸ್ತೆಯಲ್ಲಿ ನಿಲ್ಲಲಿ. ಲಾರಿ ವಾಪಸು ಕಳಿಸು.”

ಅವನು ನಗುತ್ತಾ ಲಾರಿಯತ್ತ ಕೈಬೀಸಿದ. ನಳಿನಾಕ್ಷಿ ಕೊಡ ಇಳಿಸಿ ಹಗ್ಗ ಎಳೆದು, ಕೆಂಪಗೆ ಕದಡಿದ್ದ ಮೊದಲ ಕೊಡದ ನೀರನ್ನು ಮಗನ ಪಾದಗಳ ಮೇಲೆಯೇ ಸುರಿದಳು.