ತೊಲೆಗೆನ್‌ನ ಕುರಿಚರ್ಮದ ಕೋಟು

ಅಣ್ಣನ ಮೇಜಿನ ಖಾನೆಯನ್ನು ಬೊಲಾತ್ ನೆಲದ ಮೇಲೆ ಬೋರಲು ಹಾಕಿದ. ತಿರುಪುಮೊಳೆ, ಹಳೆಯ ಫ್ಯೂಸು, ತಂತಿಯ ತುಂಡುಗಳ ನಡುವೆ ಬಿಟ್‌ಕಾಯಿನ್ ಕಾಪಿಡುವ ಬೆರಳುದ್ದದ ಕರಿಯ ವ್ಯಾಲೆಟ್ ಬಿತ್ತು. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಅದರ ಗುಟ್ಟಿನ ಅಂಕಿಯನ್ನು ಊಹಿಸಿ ಒತ್ತತೊಡಗಿದ. ಅದೇ ಹೊತ್ತಿಗೆ ಅಂಗಳದ ಡೇರೆಯೊಳಗೆ ಅಣ್ಣನ ಹೆಣಕ್ಕೆ ನೀರು ಹಾಕುತ್ತಿದ್ದರು. ಒಡಹುಟ್ಟಿದವನು ಅಲ್ಲಿರಬೇಕಿತ್ತು. ಇವನಿಗೆ ಪುರುಸೊತ್ತಿರಲಿಲ್ಲ.

ಸತ್ತವನ ಹೆಂಡತಿ ಕುಲ್ಜಿಪಾ ಬಾಗಿಲಿಗೆ ಬಂದಳು. "ಬೊಲಾತ್, ಕೆಳಗಿಡು ಅದನ್ನ. ಮೂರು ಸಲ ತಪ್ಪಿದ್ರೆ ಎಲ್ಲಾ ಅಳಿಸಿ ಹೋಗುತ್ತೆ."

"ನಂಗೆ ಹೇಳ್ಕೊಡ್ಬೇಡಿ ಅತ್ತಿಗೆ. ಅಣ್ಣ ಹುಟ್ಟಿದ ಇಸವಿ ಅಲ್ಲ, ಅಮ್ಮಂದೂ ಅಲ್ಲ. ನಿಮ್ದೇ ಇರ್ಬೇಕು."

ಒತ್ತಿದ. ಪುಟ್ಟ ಪರದೆ ಕಪ್ಪಾಗಿ, ಈಗಷ್ಟೇ ಅಂಗಡಿಯಿಂದ ತಂದದ್ದರ ಹಾಗೆ ಸ್ವಾಗತ ಕೋರಿತು.

"ಏನಾಯ್ತು ಇದಕ್ಕೆ?"

"ನಿನ್ನ ತಲೆ ಆಯ್ತು! ಹೆಣ ಇನ್ನೂ ಒದ್ದೆ ಇದೆ ಕಣೋ. ಮಾನ ಮರ್ಯಾದೆ ಏನಾದ್ರೂ ಇದ್ಯಾ?"

"ಅದನ್ನ ಮತ್ತೆ ಎಬ್ಬಿಸೋ ಆ ಪದಗಳೆಲ್ಲಿ? ಅವನು ಬರೀದೆ ಇರೋ ಪೈಕಿ ಅಲ್ಲ."

"ಬರೆದ ಚೀಟಿನ ಅವ್ರೇ ಒಲೆಗೆ ಹಾಕಿದ್ರು. ನನ್ನ ಕಣ್ಣೆದುರಿಗೇ."

ಅದೇನೂ ಸುಳ್ಳಲ್ಲ.

"ಸರಿ. ಅಪ್ಪನ ಮನೆ ಕಿರಿಮಗನದ್ದು, ನೆನಪಿರ್ಲಿ. ನಲವತ್ತನೇ ದಿನದ ಊಟ ಮುಗೀಲಿ, ನಿಮ್ಮ ಗಂಟುಮೂಟೆ ವಿಷಯ ಮಾತಾಡೋಣ."

*

ಬದುಕಿದ್ದಾಗ ಅಣ್ಣ ತೊಲೆಗೆನ್ ಎಕಿಬಸ್ತುಜ್ ಊರಾಚೆ, ಬಿಟ್‌ಕಾಯಿನ್ ಹುಟ್ಟಿಸುವ ಯಂತ್ರಗಳು ಹಗಲಿರುಳು ಬೊಬ್ಬೆ ಹೊಡೆಯುವ ಶೆಡ್ಡಿನಲ್ಲಿ ಕರೆಂಟಿನ ಕೆಲಸ ಮಾಡುತ್ತಿದ್ದ. ಅರ್ಧ ಸಂಬಳ ಆ ನಾಣ್ಯದಲ್ಲೇ ಬರುತ್ತಿತ್ತು. ಬಜಾರಿನಲ್ಲಿ ಅರ್ಧ ಬೆಲೆಗೆ ಸಿಗುತ್ತಿದ್ದ ವ್ಯಾಲೆಟ್ ಬೇಡವೆಂದು, ತಯಾರಿಸಿದವರಿಂದಲೇ ತರಿಸಿದ. ಪೆಟ್ಟಿಗೆಯ ಮುದ್ರೆಯನ್ನು ಕನ್ನಡಕ ಹಾಕಿ ನೋಡಿದ. ಇಬ್ಬರ ಫೋನುಗಳನ್ನೂ ಅಡುಗೆಮನೆಯಲ್ಲಿಟ್ಟು ಬಂದ.

"ಫೋನ್ ಏನು ಮಾಡ್ತು ಪಾಪ?" ಎಂದು ಕುಲ್ಜಿಪಾ ನಕ್ಕಳು.

"ಬೊಲಾತ್ ತನ್ನ ವ್ಯಾಲೆಟ್ಟಿನ ಪದಗಳ ಫೋಟೋ ತೆಗೆದಿಟ್ಟಿದ್ದ. ಯಾವನೋ 'ನಾನು ಕಂಪನಿಯವನು, ಸರಿ ಮಾಡ್ಕೊಡ್ತೀನಿ' ಅಂದ, ಇವ್ನು ಕಳಿಸ್ಬಿಟ್ಟ. ಗುಡಿಸಿ ಗುಂಡಾಂತರ ಮಾಡ್ಬಿಟ್ರು. ಬೈಗುಳ ಮಾತ್ರ ನಂಗೆ."

ಪರದೆಯ ಮೇಲೆ ಒಂದೊಂದಾಗಿ ಬಂದ ಇಪ್ಪತ್ತನಾಲ್ಕು ಪದಗಳನ್ನು ಬರೆದುಕೊಂಡ. ಬೇಕೆಂದೇ ವ್ಯಾಲೆಟ್ಟನ್ನು ಅಳಿಸಿ, ಆ ಪದಗಳಿಂದಲೇ ಮತ್ತೆ ಎಬ್ಬಿಸಿದ. ಅದು ಎದ್ದ ಮೇಲೆಯೇ ಮೊದಲ ಕಾಸನ್ನು ಅದರಲ್ಲಿಟ್ಟಿದ್ದು. ಆಮೇಲೆ ಪದಗಳನ್ನು ತೆಳು ಉಕ್ಕಿನ ತಗಡಿಗೆ ಕುಟ್ಟಿ, ಚೀಟಿಯನ್ನು ಸುಟ್ಟ.

"ಈ ವ್ಯಾಲೆಟ್ ಹಾಳಾದ್ರೆ ಇನ್ನೊಂದು ತಂದ್ರಾಯ್ತು. ತಗಡು ಯಾರ ಕೈಲಿದ್ಯೋ ದುಡ್ಡು ಅವರದ್ದು. ಈ ದುಡ್ಡಲ್ಲಿ ನಿಂದೂ ಅಂತ ಒಂದು ಮನೆ ಆಗೋವರೆಗೂ ಬಾಯಿ ಬಿಡ್ಬೇಡ ಮಾರಾಯ್ತಿ."

ತಗಡನ್ನು ತನ್ನ ಕುರಿಚರ್ಮದ ಕೋಟಿನ ಅಂಚಿನೊಳಗಿಟ್ಟು ಹೊಲಿದ. ಬೆಂಕಿ, ನೀರು, ಕಳ್ಳ, ಎಲ್ಲವನ್ನೂ ಯೋಚಿಸಿದ್ದ ಮನುಷ್ಯ. ಸತ್ತವನ ಬಟ್ಟೆ ಮೈ ತೊಳೆದವರ ಪಾಲು ಎನ್ನುವುದೊಂದು ಅವನಿಗೆ ಹೊಳೆಯಲಿಲ್ಲ. ಕೋಟು ಹೊಲಿಯುವಾಗ ಯಾವ ಗಂಡಸಿಗೆ ತಾನು ಸಾಯುವವನೆಂಬ ನೆನಪಿರುತ್ತದೆ!

*

ಶೆಡ್ಡಿನಲ್ಲಿ ಎದೆ ಹಿಡಿದುಕೊಂಡು ಬಿದ್ದವನನ್ನು ಜೊತೆಯವರು ಆ ಕೋಟಿನಲ್ಲೇ ಸುತ್ತಿ ತಂದಿದ್ದರು. ಹೆಣದ ಜೊತೆ ಕೋಟೂ ಡೇರೆಗೆ ಹೋಯಿತು. ಗಂಡಸರು ತೊಳೆಯುವಾಗ ಕುಲ್ಜಿಪಾ ಅಲ್ಲಿಗೆ ಕಾಲಿಡುವಂತಿರಲಿಲ್ಲ.

ತೊಳೆದು ಬಿಳಿ ಬಟ್ಟೆ ಸುತ್ತಿದ ಮೇಲೆ, ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಅವಳು ಹಾಡಿ ಅಳತೊಡಗಿದಳು. ಗಂಡ ಸತ್ತವಳ ಶೋಕದ ಹಾಡನ್ನು ಯಾರೂ ತಡೆಯುವಂತಿಲ್ಲ. ಅವಳು ಅದನ್ನು ಚೆನ್ನಾಗಿ ಬಳಸಿಕೊಂಡಳು.

"ನಿನ್ನ ತಲೆಗೆ ನೀರು ಹುಯ್ಯೋಕೆ ಬೀಗರು ಬಂದ್ರಲ್ಲೋ ನನ್ನ ದೊರೆಯೇ, ಬೆನ್ನಿಗೆ ಬಿದ್ದವನು ನಿನ್ನ ಖಾನೆ ಜಾಲಾಡಿದ್ನಲ್ಲೋ! ಸತ್ತವನ ಬೆರಳು ತಣ್ಣಗಾಗಲಿಲ್ಲ, ಇವನ ಬೆರಳು ಸುಮ್ಮನಿರಲಿಲ್ಲವಲ್ಲೋ!"

ಸಾವಿನ ಮನೆಯ ಪದ್ಧತಿಯಂತೆ ಕೋಲೂರಿ ನಿಂತಿದ್ದ ಗಂಡಸರೆಲ್ಲ ಬೊಲಾತ್‌ನತ್ತ ತಿರುಗಿದರು. ಅವನ ಕಿವಿ ಕೆಂಪಾಯಿತು. ಮರ್ಯಾದೆ ಉಳಿಸಿಕೊಳ್ಳಲು ತೊಳೆದವರಿಗೆ ಕೊಡಲು ಇಟ್ಟಿದ್ದ ಬಟ್ಟೆಯ ರಾಶಿಗೆ ಕೈ ಹಾಕಿ, ಎಲ್ಲಕ್ಕಿಂತ ಒಳ್ಳೆಯದನ್ನು ಎತ್ತಿ, ಹೆಣ ತೊಳೆದ ಒರಾಜಾಲಿಯ ಹೆಗಲಿಗೆ ಹೊದಿಸಿದ. ಒರಾಜಾಲಿ ಕುಲ್ಜಿಪಾಳ ಮಗಳ ಮಾವ, ಕುದುರೆ ಸಾಕುವವನು.

"ತಗೊಳ್ಳಿ ಬೀಗರೇ, ಅಣ್ಣನ ಕುರಿಚರ್ಮದ ಕೋಟು. ನಮ್ಮ ಮನೇಲಿ ಜಿಪುಣತನ ಇಲ್ಲ."

ಕುಲ್ಜಿಪಾ ಕೋಟಿನ ಅಂಚನ್ನೇ ನೋಡಿದಳು. ಈಗ ಬಾಯಿ ಬಿಟ್ಟರೆ ಈ ದರಿದ್ರದವನು ಎಲ್ಲರೆದುರಿಗೇ ಅಂಚು ಹರಿಯುತ್ತಾನೆ. ಬಿಡದಿದ್ದರೆ ಅವಳ ಮನೆ ಬೀಗರ ಹೆಗಲೇರಿ ಹೋಗುತ್ತದೆ. ಅವಳಿಗೆ ಬೊಲಾತ್‌ನ ಮೇಲೆ ಸಿಟ್ಟು ಬಂತು, ಈ ಪದ್ಧತಿಯ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಬಿಳಿ ಬಟ್ಟೆಯೊಳಗೆ ನೆಮ್ಮದಿಯಾಗಿ ಮಲಗಿದ್ದವನ ಮೇಲೆ ಬಂತು.

ಮಣ್ಣು ಮಾಡಿ, ಕುದುರೆ ಮಾಂಸದ ಊಟ ಮುಗಿದು, ಜನ ಹೊರಟರು. ಒರಾಜಾಲಿ ಅಂಗಳದಲ್ಲಿ ಕೋಟಿನ ಅಂಚನ್ನು ಬೆರಳಿಂದ ಒತ್ತಿ ನೋಡಿದ. ಕುಲ್ಜಿಪಾ ಓಡಿ ಬಂದಳು. ಬೊಲಾತ್ ಅಲ್ಲೇ ನಿಂತಿದ್ದ.

"ಏನೋ ಗಟ್ಟಿ ಇದ್ದಂಗಿದೆ ಬೀಗಿತ್ತಿ?"

"ಗಾಳಿಗೆ ಹಾರ್ದೇ ಇರ್ಲಿ ಅಂತ ಅವ್ರೇ ತೂಕ ಇಟ್ಟು ಹೊಲ್ದಿದ್ರು. ಬಿಚ್ಬೇಡಿ. ಏಳನೇ ದಿನದ ಊಟಕ್ಕೆ ಇದನ್ನೇ ಹಾಕ್ಕೊಂಡು ಬನ್ನಿ. ನಾನು ಕಾಯ್ತಿರ್ತೀನಿ."

ಮುದುಕ ಅವಳ ಮುಖ ನೋಡಿದ. ಬೊಲಾತ್‌ನ ಜೇಬಿನಿಂದ ಇಣುಕುತ್ತಿದ್ದ ವ್ಯಾಲೆಟ್ಟಿನ ತಂತಿಯನ್ನು ನೋಡಿದ. ಕೋಟಿನ ಗುಂಡಿಗಳನ್ನು ಕೆಳಗಿನಿಂದ ಕತ್ತಿನವರೆಗೆ ಹಾಕಿಕೊಂಡ.

"ಬರ್ತೀನಿ. ಇದನ್ನೇ ಹಾಕ್ಕೊಂಡು ಬರ್ತೀನಿ."

ಜನ ಇನ್ನೂ ನೋಡುತ್ತಿದ್ದರು. ಬೊಲಾತ್ ಬಗ್ಗಿ, ಬೀಗರ ಕೋಟಿನ ಅಂಚಿಗೆ ಮೆತ್ತಿದ್ದ ಹಿಮವನ್ನು ತನ್ನ ಕೈಯಿಂದಲೇ, ಒಮ್ಮೆ, ಮತ್ತೊಮ್ಮೆ, ಚೆನ್ನಾಗಿ ಕೊಡವಿದ.