ಜಾಯಿನ್ ಬಗ್ಗೆ ಎರಡು ನಿಮಿಷ

ನಮ್ಮ ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಬೇಕಾದರೆ ಇಂಗ್ಲಿಷಿನಲ್ಲಿ ಎರಡು ನಿಮಿಷ ಮಾತಾಡಬೇಕು. ಚೀಟಿಯಲ್ಲಿ ಒಂದು ಪದ ಬರುತ್ತದೆ, ಅದರ ಬಗ್ಗೆ ಹೇಳಬೇಕು, ಅಷ್ಟೇ. ಅಷ್ಟೇ ಅನ್ನುವವರನ್ನು ಆ ಕುರ್ಚಿಯಲ್ಲಿ ಕೂರಿಸಿ ನೋಡಬೇಕು. ನಾನು ಎರಡು ಸಲ ಕೂತು, ಎರಡು ಸಲವೂ ಬಾಯಿಗೆ ಬೀಗ ಹಾಕಿಕೊಂಡು ಎದ್ದು ಬಂದವಳು. ಮೂರನೆಯದೇ ಕೊನೆಯ ಅವಕಾಶ. ಈಗಲೂ ಮುಗ್ಗರಿಸಿದರೆ ಹೊರಗಿನಿಂದ ಯಾರನ್ನೋ ತಂದು ನಮ್ಮ ಮೆಷಿನ್ ಸಾಲಿನ ತಲೆಯ ಮೇಲೆ ಕೂರಿಸುತ್ತಾರೆ. ಅವರು ಬಂದು ನನಗೆ ತೋಳು ಹೊಲಿಯುವುದನ್ನು ಹೇಳಿಕೊಡುವುದೇ? ನೆನೆದರೇ ಮೈ ಉರಿಯುತ್ತಿತ್ತು.

ಮನೆಯಲ್ಲಿ ಅತ್ತೆಯೇ ಪರೀಕ್ಷಕಿ. ಅವರಿಗೆ ಇಂಗ್ಲಿಷಿನ ಗಂಧಗಾಳಿಯಿಲ್ಲ, ಆದರೆ ನಾನು ತಡವರಿಸಿದ ಕೂಡಲೇ ಸೌಟು ಕುಟ್ಟುತ್ತಿದ್ದರು.

“ಯಾಕೆ ನಿಂತೆ?”

“ಪದ ಸಿಗ್ತಿಲ್ಲ ಅತ್ತೆ.”

“ನನ್ನ ಜೊತೆ ಜಗಳಕ್ಕೆ ನಿಂತಾಗ ಮಾತ್ರ ಪುಂಖಾನುಪುಂಖವಾಗಿ ಸಿಗುತ್ತಲ್ಲ! ಹಾಗೇ ಅಂದ್ಕೊಂಡು ಮಾತಾಡು.”

ಪಕ್ಕದ ಕೋಣೆಯಲ್ಲಿ ಗಂಡ ಕಿಸಕ್ಕೆಂದು ನಕ್ಕ. ಅವನಿಗೆ ಎರಡು ಬೈಗುಳ ಬಿಗಿದೆ, ನಮ್ಮ ಮಾತಿನಲ್ಲೇ.

ಪರೀಕ್ಷೆಯ ದಿನ ಮ್ಯಾನೇಜರ್ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ನನ್ನ ಬೆನ್ನು ಬೆವರುತ್ತಿತ್ತು. ಪರೀಕ್ಷೆ ಮಾಡಲು ಬಂದಿದ್ದ ಟೀಚರಮ್ಮ ಚೀಟಿ ಬಿಚ್ಚಿ ಮುಂದಿಟ್ಟರು. ಜಾಯಿನ್.

ಸೇರಿಸು, ಜೋಡಿಸು. ದಿನವಿಡೀ ನಾನು ಮಾಡುವುದು ಅದನ್ನೇ. ಆದರೂ ನಾಲಿಗೆ ಅಂಗುಳಕ್ಕೆ ಅಂಟಿ ಕೂತಿತು. ಅಷ್ಟರಲ್ಲಿ ಮೇಜಿನ ಕೆಳಗೆ ಕಾಲು ತಾನಾಗಿಯೇ ಪೆಡಲ್ ಒತ್ತಿತು. ಕೈಗಳೆರಡೂ ಮೇಲೆ ಬಂದು ಇಲ್ಲದ ಬಟ್ಟೆಯನ್ನು ಹಿಡಿದವು. “ಐ ಜಾಯಿನ್ ಶೋಲ್ಡರ್,” ಅಂದೆ. “ಐ ಜಾಯಿನ್ ಕಾಲರ್. ಐ ಜಾಯಿನ್ ಸ್ಲೀವ್.” ಬೆರಳು ಹೋದಲ್ಲಿಗೆ ಮಾತೂ ಹೋಗತೊಡಗಿತು. ಶರ್ಟು ಮುಗಿದ ಮೇಲೆ ಮನುಷ್ಯರ ಸರದಿ. ಚಿಕ್ಕ ವಯಸ್ಸಿಗೇ ಕೆಲಸಕ್ಕೆ ಜಾಯಿನ್ ಆದೆ ಅಂದೆ. ಬೆಳಗ್ಗೆ ಬಸ್ಸಿನ ಕ್ಯೂಗೆ ಜಾಯಿನ್ ಆಗುತ್ತೇನೆ, ಮಧ್ಯಾಹ್ನ ಗೆಳತಿಯರು ಡಬ್ಬಿ ಬಿಚ್ಚಿ ‘ಜಾಯಿನ್ ಅಸ್’ ಅನ್ನುತ್ತಾರೆ ಅಂದೆ. ನಮ್ಮ ಬೀದಿ ದೊಡ್ಡ ರಸ್ತೆಗೆ ಜಾಯಿನ್ ಆಗುವಲ್ಲಿ ಅತ್ತೆ ಕಾಯುತ್ತಾರೆ ಅನ್ನಲು ಹೋದೆ. ಕಾಯುವುದಕ್ಕೆ ಇಂಗ್ಲಿಷಿನಲ್ಲಿ ಏನು? ತಲೆ ಖಾಲಿ. ಕೈಯಲ್ಲಿ ದಾರ ಕಡಿದ ಹಾಗಾಯಿತು.

ದಾರ ಕಡಿದಾಗ ಕಡಿದ ಕಡೆಯಿಂದಲೇ ಹೊಲಿದರೆ ಅಲ್ಲಿ ಬಟ್ಟೆ ಬಾಯಿ ಬಿಡುತ್ತದೆ. ಸ್ವಲ್ಪ ಹಿಂದೆ ಹೋಗಿ, ಹಳೆಯ ಹೊಲಿಗೆಯ ಮೇಲೇ ನಾಲ್ಕು ಹೊಲಿಗೆ ಹಾಕಿಕೊಂಡು ಮುಂದುವರಿಯಬೇಕು. ಕೈ ಅದನ್ನೇ ಮಾಡಿತು, ನಾನೂ ಹಿಂದೆ ಹೋದೆ. “ಅವರ್ ಸ್ಟ್ರೀಟ್ ಜಾಯಿನ್ಸ್ ಬಿಗ್ ರೋಡ್,” ಅಂತ ಮತ್ತೆ ಹೇಳಿದೆ. ಆ ಓಟದಲ್ಲೇ, “ದೇರ್ ಮೈ ಮದರ್-ಇನ್-ಲಾ ಸ್ಟ್ಯಾಂಡ್ಸ್, ಎವ್ರಿ ಡೇ, ಫಾರ್ ಮಿ,” ಎಂದು ಹೊರಗೆ ಬಿತ್ತು. ಆ ಮುದುಕಿಯ ಮೇಲೆ ನನಗೆ ಎಷ್ಟು ಪ್ರೀತಿಯಿದೆ ಅಂತ ಯಾವ ಭಾಷೆಯಲ್ಲೂ ಹೇಳಿಕೊಂಡವಳಲ್ಲ ನಾನು.

ಟೀಚರಮ್ಮ ಗಡಿಯಾರ ನೋಡುವುದನ್ನೇ ಮರೆತಿದ್ದರು. “ಎರಡು ನಿಮಿಷ ಯಾವಾಗಲೋ ಆಯ್ತು ಕಣಮ್ಮ,” ಎಂದು ನಕ್ಕರು. “ಪಾಸ್.” ಮ್ಯಾನೇಜರ್ ಕೈ ಕುಲುಕಿ, ಸಾಲು ಈ ಗಳಿಗೆಯಿಂದಲೇ ನಿಮ್ಮದು ಅಂದರು.

ಬಾಗಿಲು ತೆರೆದರೆ ಎದುರಿಗೇ ನಮ್ಮ ಸಾಲು. ಮೊದಲ ಮೆಷಿನ್ನಿನ ದಪ್ಪಕ್ಕ ನನ್ನ ಮುಖ ನೋಡಿ ಹೊಲಿಗೆ ನಿಲ್ಲಿಸಿದಳು. ಪಕ್ಕದವಳೂ ನಿಲ್ಲಿಸಿದಳು. ಸಾಲಿಗೆ ಸಾಲೇ ನಿಂತಿತು.

“ಕರೆಂಟ್ ಹೋಯ್ತಾ?” ಎಂದು ಮ್ಯಾನೇಜರ್ ಗಾಬರಿಯಿಂದ ಹೊರಗೆ ಬಂದರು. ಅಷ್ಟರಲ್ಲಿ ಸೂರು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. “ಸಾಕು ಸಾಕು, ಕೆಲಸ ಶುರು ಮಾಡಿ!” ಎಂದು ಅವರು ಕೂಗಿದರು. ಒಬ್ಬಳೂ ಅಲ್ಲಾಡಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಸೆರಗಿನಿಂದ ಮೂಗು ಒರೆಸಿಕೊಂಡೆ. “ಶುರು ಮಾಡ್ರೇ,” ಅಂದೆ.

ಅಷ್ಟೂ ಮೆಷಿನ್ನುಗಳು ಒಮ್ಮೆಗೇ ಗುಡುಗಿದವು.